ಕೇಳುವ ಪ್ರಶ್ನೆಯೂ ಬರುವ ರೋಗಿಯೂ

ವೈದ್ಯಕೀಯ ವ್ಯಾಸಂಗ ಮುಗಿಸಿದವನಿಗೆ ವೃತ್ತಿ ನಡೆಸಲು ಪರವಾನಗಿ ನೀಡುವ ಪರೀಕ್ಷೆಯ ಉದ್ದೇಶ ಒಂದೇ. ಈತನ ಕೈಗೆ ರೋಗಿಯನ್ನು ಒಪ್ಪಿಸಿದರೆ ಅಪಾಯವಿಲ್ಲವೆಂದು ಸಮಾಜಕ್ಕೆ ಭರವಸೆ ಕೊಡುವುದೇ ಆ ಉದ್ದೇಶ. ಇದನ್ನು ಮರೆತು ಅದೇ ಪರೀಕ್ಷೆಯನ್ನು ‘ಯಾರು ಮುಂದೆ, ಯಾರು ಹಿಂದೆ’ ಎಂದು ತೂಗುವ ತಕ್ಕಡಿಯಾಗಿ ಬಳಸಿದರೆ, ವಿದ್ಯಾರ್ಥಿಯ ದೃಷ್ಟಿ ರೋಗಿಯಿಂದ ಸರಿದು ಪ್ರಶ್ನೆಯ ಮೇಲೆ ನಿಲ್ಲುತ್ತದೆ. ಇಂದು ಆಗುತ್ತಿರುವುದು ಇದೇ.

ಮೇಲಿಂದ ಮೇಲೆ ಕೇಳಲಾಗುವ ವಿಷಯಗಳನ್ನು ಆರಿಸಿ, ಪಟ್ಟಿ ಮಾಡಿ, ಬಾಯಿಪಾಠ ಮಾಡಿಸುವ ಕೋಚಿಂಗ್ ಕೇಂದ್ರಗಳೂ ಆ್ಯಪ್‌ಗಳೂ ಇಂದು ದೊಡ್ಡ ವ್ಯಾಪಾರವಾಗಿವೆ. ಇಂತಹ ವಿಷಯಗಳಿಗೆ ವಿದ್ಯಾರ್ಥಿಗಳು ‘ಹೈ ಯೀಲ್ಡ್’ ಎನ್ನುತ್ತಾರೆ. ಹೆಚ್ಚು ಇಳುವರಿ ಕೊಡುವುದು ಎಂದರ್ಥ. ಆದರೆ ಈ ಇಳುವರಿ ಅಂಕದ್ದು, ಗುಣಮುಖರಾದ ರೋಗಿಗಳದ್ದಲ್ಲ.

ಪಟ್ಟಿ ಮಾಡಿ ಓದುವುದೇ ತಪ್ಪೆಂದು ಯಾವ ವಿವೇಕಿಯೂ ಹೇಳಲಾರನು. ವೈದ್ಯಶಾಸ್ತ್ರ ಸಾಗರದಂತಹುದು, ಪರೀಕ್ಷೆಯ ಕಾಲ ಮಿತವಾದುದು. ವಿದೇಶದಲ್ಲಿ ವೈದ್ಯ ಪದವಿ ಪಡೆದು ಬಂದ ಭಾರತೀಯರಿಗಾಗಿ 2002ರಲ್ಲಿ ಆರಂಭವಾದ ಎಫ್‌ಎಂಜಿಇ ಪರೀಕ್ಷೆಯಲ್ಲಿ 300 ಪ್ರಶ್ನೆಗಳಿರುತ್ತವೆ. 150 ಅಂಕ ಪಡೆದವರು ಉತ್ತೀರ್ಣರು. ಹತ್ತೊಂಬತ್ತು ವಿಷಯಗಳನ್ನು ಒಳಗೊಳ್ಳುವ ಇಂತಹ ಪರೀಕ್ಷೆಗೆ ಮುಖ್ಯವಾದುದನ್ನು ಆರಿಸಿಕೊಳ್ಳದೆ ಗತಿಯಿಲ್ಲ. ಹೃದಯಾಘಾತ, ಕ್ಷಯ, ಹೆರಿಗೆಯ ನಂತರದ ರಕ್ತಸ್ರಾವ ಮೊದಲಾದವು ಮತ್ತೆ ಮತ್ತೆ ಕೇಳಲ್ಪಡುವುದು ನ್ಯಾಯವೇ. ಅವನ್ನು ಅರಿಯದ ವೈದ್ಯನಿಂದ ಪ್ರಾಣಹಾನಿಯಾಗುತ್ತದೆ. ದೋಷವಿರುವುದು ಪಟ್ಟಿಯಲ್ಲಲ್ಲ, ಪಟ್ಟಿಯ ಅಂಚನ್ನೇ ವಿದ್ಯೆಯ ಎಲ್ಲೆಯೆಂದು ಭಾವಿಸುವುದರಲ್ಲಿ.

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನೇ ನೋಡಬಹುದು. ಇದನ್ನು ಹರಡುವ ಉಣುಗಿನ ಶಾಸ್ತ್ರೀಯ ನಾಮ ಹಿಮಾಫೈಸಾಲಿಸ್ ಸ್ಪಿನಿಜೆರಾ. ಭಾರತದ ಪರೀಕ್ಷೆಗಳಿಗೆ ಸಿದ್ಧರಾಗುವವರ ಪಟ್ಟಿಯಲ್ಲಿ ಈ ಹೆಸರು ತಪ್ಪದೆ ಇರುತ್ತದೆ; ಎಲ್ಲೋ ದೂರದ ಊರಿನ ವಿದ್ಯಾರ್ಥಿಯೂ ಅದನ್ನು ಕ್ಷಣದಲ್ಲಿ ಗುರುತಿಸಬಲ್ಲನು. ಆದರೆ ಚಳಿಗಾಲ ಕಳೆಯುವ ಹೊತ್ತಿಗೆ ಜ್ವರ, ತಲೆನೋವು, ಮೈಕೈ ನೋವೆಂದು ಮಲೆನಾಡಿನ ಆರೋಗ್ಯ ಕೇಂದ್ರಕ್ಕೆ ಬರುವ ಕೂಲಿಯಾಳು ಉಣುಗಿನ ಮಾತನ್ನೇ ಎತ್ತುವುದಿಲ್ಲ. ತರಗೆಲೆಗೋ ಸೌದೆಗೋ ಕಾಡಿಗೆ ಹೋಗಿದ್ದಿರಾ, ಸುತ್ತಮುತ್ತ ಮಂಗಗಳು ಸತ್ತಿವೆಯೇ ಎಂದು ವೈದ್ಯನೇ ವಿಚಾರಿಸಬೇಕು. ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವರು ಬೇರೆ. ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳಬೇಕಾದವನು ವೈದ್ಯನೇ. ಉತ್ತರವನ್ನಷ್ಟೇ ಕಲಿತವನು ಅಲ್ಲಿ ಮೂಕನಾಗುತ್ತಾನೆ.

ಆರ್ಗನೋಫಾಸ್ಫರಸ್ ಕೀಟನಾಶಕ ಸೇವಿಸಿದವರ ಚಿಕಿತ್ಸೆಯೂ ಇದನ್ನೇ ತೋರಿಸುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ‘ಅಟ್ರೋಪಿನ್’ ಎಂದು ಗುರುತು ಹಾಕಿದರೆ ಅಂಕ ದೊರೆಯಿತು. ವಾರ್ಡಿನಲ್ಲಿ ಆ ಪದದಿಂದ ಕೆಲಸ ಆರಂಭವಾಗುತ್ತದೆಯಷ್ಟೆ. ಶ್ವಾಸಕೋಶದಲ್ಲಿ ತುಂಬಿದ ದ್ರವ ಕಡಿಮೆಯಾಯಿತೇ, ನಾಡಿಯೂ ರಕ್ತದೊತ್ತಡವೂ ಸುಧಾರಿಸಿದವೇ ಎಂದು ಮತ್ತೆ ಮತ್ತೆ ಪರೀಕ್ಷಿಸುತ್ತ, ಅದಕ್ಕನುಗುಣವಾಗಿ ಔಷಧದ ಪ್ರಮಾಣವನ್ನು ಹೊಂದಿಸುತ್ತ ಹಾಸಿಗೆಯ ಬಳಿ ರಾತ್ರಿ ಕಳೆಯಬೇಕು. ಅದೇ ರೀತಿ ಹೃದಯಾಘಾತವೆಂದರೆ ಎದೆನೋವು ಎಂದು ಪಟ್ಟಿ ಕಲಿಸುತ್ತದೆ. ಆದರೆ ಮಧುಮೇಹವಿರುವ ವೃದ್ಧೆ ಎದೆನೋವಿಲ್ಲದೆ ಬರಿಯ ಸುಸ್ತು, ವಾಂತಿ, ಬೆವರು ಎಂದು ಬರಬಹುದು.

ಅಮೆರಿಕದ ಅನುಭವ ಇಲ್ಲಿ ಗಮನಾರ್ಹ. ಅಲ್ಲಿನ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಮೊದಲನೆಯ ಹಂತದ ಅಂಕವು ಬಹುಕಾಲ ಉನ್ನತ ತರಬೇತಿಗೆ ಅಭ್ಯರ್ಥಿಗಳನ್ನು ಆರಿಸುವ ಅಳತೆಗೋಲಾಗಿತ್ತು. ವಿದ್ಯಾರ್ಥಿಗಳು ಕಾಲೇಜಿನ ಪಾಠವನ್ನೇ ಕಡೆಗಣಿಸಿ ಪ್ರಶ್ನೆಸಂಗ್ರಹಗಳಲ್ಲಿ ಮುಳುಗಿದರು. ಕೊನೆಗೆ 2022ರ ಜನವರಿ 26ರಿಂದ ಆ ಹಂತದಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬ ಫಲಿತಾಂಶವನ್ನಷ್ಟೇ ನೀಡಲಾಯಿತು. ಎರಡನೆಯ ಹಂತದಲ್ಲಿ ಅಂಕ ಉಳಿಯಿತು. ಪೈಪೋಟಿಯೂ ಅಲ್ಲಿಗೇ ಸರಿಯಿತು. ಅಂಕವಿದ್ದಲ್ಲಿ ಪೈಪೋಟಿ ತಪ್ಪದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಭಾರತದ ಯೋಜನೆ ಇದಕ್ಕೆ ವಿರುದ್ಧ ದಿಕ್ಕಿನದು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ನೆಕ್ಸ್ಟ್ ಎಂಬ ಒಂದೇ ಪರೀಕ್ಷೆಗೆ ಪರವಾನಗಿಯನ್ನೂ ಸ್ನಾತಕೋತ್ತರ ಪ್ರವೇಶವನ್ನೂ ಜೋಡಿಸಿತು. 2023ರ ಜೂನ್‌ನಲ್ಲಿ ಪ್ರಕಟವಾದ ನಿಯಮಗಳಂತೆ ಆಯ್ಕೆ ಉತ್ತರಗಳ ಮೊದಲ ಹಂತದ ಅಂಕವೇ ಸ್ನಾತಕೋತ್ತರ ಸೀಟಿಗೆ ಆಧಾರ. ರೋಗಿಯ ಬಳಿಯ ಪ್ರಾಯೋಗಿಕ ಹಂತಕ್ಕೆ ಉತ್ತೀರ್ಣವಾದರೆ ಸಾಕು. ಆ ವರ್ಷದ ಜುಲೈಯಲ್ಲಿ ಪರೀಕ್ಷೆಯನ್ನು ಮುಂದೂಡಲಾಯಿತು. ಅದು ಯಾವಾಗ ಜಾರಿಗೆ ಬಂದರೂ ಈ ಜೋಡಣೆಯೇ ಅದರ ಮೂಲದೋಷ.

ಮೊದಲ ಹಂತ ಮುಗಿದ ಮೇಲೆ ಹೌಸ್ ಸರ್ಜನ್ ವರ್ಷವು ಓದಿನ ಹೊರೆಯಿಂದ ಮುಕ್ತವಾಗುತ್ತದೆಂದು ಇದರ ಸಮರ್ಥಕರು ಹೇಳುತ್ತಾರೆ. ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಈಗ ಆ ಹನ್ನೆರಡು ತಿಂಗಳಲ್ಲಿ ವಾರ್ಡಿನ ಮೂಲೆಯಲ್ಲಿ ಕುಳಿತು ನೀಟ್ ಪಿಜಿಗೆ ಓದುವ ಹೌಸ್ ಸರ್ಜನ್‌ಗಳು ಅಪರೂಪವಲ್ಲ. ಆದರೆ ಹೊರೆ ಇಳಿಯುವುದಿಲ್ಲ. ಹಿಂದಿನ ವರ್ಷಕ್ಕೆ ಜಾರುತ್ತದೆ. ಅಂತಿಮ ವರ್ಷವೇ ರೋಗಿಯ ಮೈಮುಟ್ಟಿ ನೋಡಲು ಕಲಿಯುವ ಕಾಲ. ಅದನ್ನು ಪಟ್ಟಿಗೆ ಬಲಿಕೊಟ್ಟರೆ ಮುಂದೆ ಸರಿಪಡಿಸುವುದು ಸುಲಭವಲ್ಲ.

ಪರವಾನಗಿ ಪರೀಕ್ಷೆಯಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬ ಎರಡೇ ಫಲಗಳಿರಲಿ. ಸೀಟಿನ ಪೈಪೋಟಿಗೆ ಬೇರೆ ಪರೀಕ್ಷೆಯಿರಲಿ. ಪರವಾನಗಿಯ ತೀರ್ಮಾನದಲ್ಲಿ ರೋಗಿಯ ಹಾಸಿಗೆಯ ಬಳಿ ನಡೆಯುವ ಪರೀಕ್ಷೆಗೆ ಲಿಖಿತ ಪರೀಕ್ಷೆಗೆ ಸಮನಾದ ತೂಕವಿರಲಿ. ತಂದೆತಾಯಂದಿರೂ ವಿದ್ಯಾರ್ಥಿವೇತನ ನೀಡುವ ಸಂಸ್ಥೆಗಳೂ ಮಕ್ಕಳನ್ನು ‘ರ‍್ಯಾಂಕ್ ಎಷ್ಟು’ ಎಂದು ಕೇಳುವ ಮೊದಲು ‘ಈ ವಾರ ಎಷ್ಟು ರೋಗಿಗಳನ್ನು ನೋಡಿದೆ, ಅವರಿಂದ ಏನು ಕಲಿತೆ’ ಎಂದು ಕೇಳಲಿ. ಈ ಕ್ರಮಕ್ಕೆ ಯಾವ ಕಾಯಿದೆಯ ತಿದ್ದುಪಡಿಯೂ ಬೇಕಾಗಿಲ್ಲ; ಇಂದಿನಿಂದಲೇ ಆರಂಭಿಸಬಹುದು.