ಪುಟ್ಟ ಪ್ಲಗಿನ್ ವಿಜ್ಞಾನದ ಚಿತ್ರವನ್ನೇ ಬದಲಿಸಬಲ್ಲದೆ?

ಸೇತುವೆಯ ಮೇಲಿನ ಒತ್ತಡ, ಚಂಡಮಾರುತದೊಳಗಿನ ಗಾಳಿಯ ವೇಗ ಇವೆಲ್ಲ ಕಂಪ್ಯೂಟರಿನಲ್ಲಿ ಮೊದಲು ಬರೀ ಅಂಕಿಗಳು. ಲಕ್ಷಾಂತರ ಅಂಕಿಗಳನ್ನು ನಾವು ನೋಡಬಲ್ಲ ಬಣ್ಣದ ಚಿತ್ರವಾಗಿಸಲು ವಿಶೇಷ ತಂತ್ರಾಂಶಗಳಿವೆ. ‘ಪ್ಯಾರಾವ್ಯೂ’ ಅವುಗಳಲ್ಲೊಂದು. ಅಮೆರಿಕದ ಕಿಟ್‌ವೇರ್ ಸಂಸ್ಥೆ ಮತ್ತು ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯ 2000ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಪ್ಲಗಿನ್ ಏಕೆ ಬೇಕು?

ಎಲ್ಲ ಸಂಶೋಧಕರಿಗೂ ಬೇಕಾದುದೆಲ್ಲ ಒಂದೇ ತಂತ್ರಾಂಶದಲ್ಲಿ ಇರುವುದಿಲ್ಲ. ಕೊರತೆಯನ್ನು ತುಂಬಲು ಹೊರಗಿನಿಂದ ಜೋಡಿಸುವ ಭಾಗವೇ ಪ್ಲಗಿನ್. ಮಿಕ್ಸಿಯ ಮೋಟಾರು ಒಂದೇ, ಜಾರ್ ಮಾತ್ರ ಬೇರೆ ಬೇರೆ ಇದ್ದಂತೆ. ಹೊಸ ಬಗೆಯ ಕಡತ ಓದುವುದಕ್ಕೆ ‘ರೀಡರ್’, ಅಂಕಿಗಳ ಮೇಲೆ ಲೆಕ್ಕ ಮಾಡುವುದಕ್ಕೆ ‘ಫಿಲ್ಟರ್’ ಹೀಗೆ ಸೇರಿಸಬಹುದು.

ತಯಾರಿ ಮತ್ತು ಜೋಡಣೆ

ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಪ್ಲಗಿನ್ನನ್ನು ನಾವು ಬಳಸುವ ಪ್ಯಾರಾವ್ಯೂ ಆವೃತ್ತಿಗೇ ಹೊಂದುವಂತೆ ಕಂಪೈಲ್ ಮಾಡಬೇಕು. ಆವೃತ್ತಿ ಬೇರೆಯಾದರೆ ಅದು ಸಾಮಾನ್ಯವಾಗಿ ಲೋಡ್ ಆಗುವುದಿಲ್ಲ. ಪೈಥಾನ್‌ನಲ್ಲಿ ಬರೆದರೆ ಕಂಪೈಲ್ ಮಾಡುವ ಗೋಜಿಲ್ಲ. ‘ಟೂಲ್ಸ್’ ಮೆನುವಿನ ‘ಮ್ಯಾನೇಜ್ ಪ್ಲಗಿನ್ಸ್’ ತೆರೆದು ಕಡತವನ್ನು ಆರಿಸಿದರಾಯಿತು. ‘ಆಟೋ ಲೋಡ್’ ಗುರುತಿಸಿದರೆ ತಂತ್ರಾಂಶ ತೆರೆದಾಗಲೆಲ್ಲ ಅದೂ ಜೊತೆಗೇ ಬರುತ್ತದೆ. ಲೆಕ್ಕದ ಕೆಲಸ ದೂರದ ಸರ್ವರಿನಲ್ಲಿ ನಡೆಯುತ್ತಿದ್ದರೆ ಪ್ಲಗಿನ್ ಅಲ್ಲಿಯೂ ಇರಬೇಕು. ನಮ್ಮ ಕಂಪ್ಯೂಟರಿನಲ್ಲಷ್ಟೇ ಇದ್ದರೆ ಸಾಲದು.

‘ಬರೀ ಸೇರ್ಪಡೆ ತಾನೆ?’

ಇದೇ ತಪ್ಪು ನಂಬಿಕೆ. ಮಿಕ್ಸಿಯ ಜಾರ್ ಮೋಟಾರನ್ನು ಮುಟ್ಟುವುದಿಲ್ಲ, ಆದರೆ ಪ್ಲಗಿನ್ ತಂತ್ರಾಂಶದ ಒಳಗೇ ಓಡುತ್ತದೆ. ನಮ್ಮ ಕಡತಗಳನ್ನು ತೆರೆಯುವ, ಬದಲಿಸುವ ಅಧಿಕಾರ ತಂತ್ರಾಂಶಕ್ಕೆ ಎಷ್ಟಿದೆಯೋ ಅದಕ್ಕೂ ಅಷ್ಟೇ ಇರುತ್ತದೆ. ಆದ್ದರಿಂದ ಮೂಲ ತಿಳಿಯದ ಪ್ಲಗಿನ್ ಹಾಕಿಕೊಳ್ಳುವುದು ಅಪರಿಚಿತರಿಗೆ ಮನೆಯ ಬೀಗದ ಕೈ ಕೊಟ್ಟಂತೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಲೋಹದ ತುಂಡೊಂದರ ಅಕ್ಕಪಕ್ಕದ ಮೂರು ಬಿಂದುಗಳಲ್ಲಿ ಒತ್ತಡ 20, 80, 20 ಇದೆ ಎಂದುಕೊಳ್ಳೋಣ. ಚಿತ್ರವನ್ನು ನುಣುಪಾಗಿಸುವ ಫಿಲ್ಟರ್ ಇವುಗಳ ಸರಾಸರಿ ತೆಗೆದರೆ ನಡುವಿನ ಬಿಂದು 40 ಆಗುತ್ತದೆ. ಚಿತ್ರ ಅಂದವಾಯಿತು, ಆದರೆ ಬಿರುಕು ಬಿಡಬಹುದಾದ ಜಾಗವೇ ಮರೆಯಾಯಿತು! ಪ್ಲಗಿನ್ ಇಲ್ಲಿ ಕೆಟ್ಟಿಲ್ಲ, ಹೇಳಿದ ಕೆಲಸವನ್ನೇ ಮಾಡಿದೆ.

ಹಾಗಾಗಿ ಹೊಸ ಪ್ಲಗಿನ್ನನ್ನು ಮೊದಲು ಉತ್ತರ ಗೊತ್ತಿರುವ ಸಣ್ಣ ದತ್ತಾಂಶದ ಮೇಲೆ ಓಡಿಸಿ ನೋಡಬೇಕು. ಚಿತ್ರ ಪ್ರಕಟಿಸುವಾಗ ಪ್ಲಗಿನ್ನಿನ ಹೆಸರು, ಆವೃತ್ತಿ, ಬಳಸಿದ ಸೆಟ್ಟಿಂಗ್‌ಗಳನ್ನು ಬರೆಯಬೇಕು. ಆಗಷ್ಟೇ ಬೇರೆಯವರು ಅದೇ ಅಂಕಿಗಳಿಂದ ಅದೇ ಚಿತ್ರ ತೆಗೆದು ಪರೀಕ್ಷಿಸಲು ಸಾಧ್ಯ.