ಚಿತ್ರ ಓಡುವುದಿಲ್ಲ, ಓಡಿಸುವುದು ನಮ್ಮ ಮಿದುಳು: ಅನಿಮೇಷನ್ ಹಿಂದಿನ ಗುಟ್ಟೇನು?

ಯುದ್ಧವಿಮಾನವನ್ನು ಹೊಡೆದುರುಳಿಸುವ ವಿಡಿಯೋ ವಾಟ್ಸ್‌ಆ್ಯಪ್‌ಗೆ ಬಂದರೆ ನಾವು ಥಟ್ಟನೆ ನಂಬಿಬಿಡುತ್ತೇವೆ. ಆದರೆ ಅಂಥ ಎಷ್ಟೋ ವಿಡಿಯೋಗಳು ಕಂಪ್ಯೂಟರ್ ಗೇಮ್‌ನ ತುಣುಕುಗಳು. ‘ಆರ್ಮಾ 3’ ಗೇಮ್‌ನ ದೃಶ್ಯಗಳು ಉಕ್ರೇನ್ ಯುದ್ಧದ ಅಸಲಿ ದೃಶ್ಯಗಳೆಂದು ಹರಿದಾಡಿದಾಗ, ಅದನ್ನು ತಯಾರಿಸಿದ ಬೊಹೀಮಿಯಾ ಇಂಟರ್‌ಆ್ಯಕ್ಟಿವ್ ಕಂಪನಿಯೇ 2022ರಲ್ಲಿ ಸ್ಪಷ್ಟನೆ ಕೊಡಬೇಕಾಯಿತು. ಹಾಗಾದರೆ ನಮ್ಮ ಕಣ್ಣು ಇಷ್ಟು ಸುಲಭವಾಗಿ ಮೋಸ ಹೋಗುವುದೇಕೆ?

ಚಿತ್ರ ಕಣ್ಣಲ್ಲಿ ‘ಉಳಿಯುವುದರಿಂದ’ ಚಲನೆ ಕಾಣುತ್ತದೆಯೇ?

ನಮ್ಮಲ್ಲಿ ಹಲವರು ಕೇಳಿರುವ ಉತ್ತರ ಇದು: ನೋಡಿದ ಚಿತ್ರ ಸೆಕೆಂಡಿನ 16ನೇ ಒಂದು ಭಾಗದಷ್ಟು ಹೊತ್ತು ರೆಟಿನಾದ ಮೇಲೆ ಉಳಿಯುತ್ತದೆ, ಹಾಗಾಗಿ ಚಿತ್ರಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದು ಪೂರ್ತಿ ಸರಿಯಲ್ಲ. ಚಿತ್ರಗಳು ಒಂದರ ಮೇಲೊಂದು ಉಳಿದುಬಿಟ್ಟರೆ ಎಲ್ಲವೂ ಕಲಸಿಹೋಗಿ ಕಾಣಬೇಕು. ಜೋರಾಗಿ ತಿರುಗುವ ಫ್ಯಾನಿನ ರೆಕ್ಕೆಗಳು ಮಸುಕು ತಟ್ಟೆಯಂತೆ ಕಾಣುವ ಹಾಗೆ.

1912ರಲ್ಲಿ ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಥೈಮರ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಎರಡು ಜಾಗಗಳಲ್ಲಿ ಒಂದಾದ ಮೇಲೊಂದು ಗೆರೆಯನ್ನು ಕ್ಷಣಮಾತ್ರ ತೋರಿಸಲಾಯಿತು. ನೋಡಿದವರಿಗೆ ಕಂಡದ್ದು ಎರಡು ಗೆರೆಗಳಲ್ಲ, ಅತ್ತಿಂದಿತ್ತ ಸರಿಯುವ ಒಂದೇ ಗೆರೆ. ನಡುವಿನ ಚಲನೆಯನ್ನು ಕಟ್ಟಿಕೊಟ್ಟದ್ದು ಮಿದುಳು.

ಅನಿಮೇಷನ್ ಮಾಡುವುದು ಹೇಗೆ?

ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ಗಳು ಓಡುತ್ತವೆ. ಕೈಯಲ್ಲಿ ಬಿಡಿಸುವವರು ಹಲವು ಬಾರಿ ಒಂದೊಂದು ಚಿತ್ರವನ್ನು ಎರಡು ಫ್ರೇಮ್‌ಗೆ ಬಳಸಿ, 12 ಚಿತ್ರಗಳಲ್ಲೇ ಒಂದು ಸೆಕೆಂಡು ಮುಗಿಸುತ್ತಾರೆ. ಕಂಪ್ಯೂಟರ್‌ನಲ್ಲಿ ಕೆಲಸ ಇನ್ನೂ ಕಡಿಮೆ. ಚೆಂಡು ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂಬ ‘ಕೀ ಫ್ರೇಮ್’ಗಳನ್ನು ನೀವು ಕೊಟ್ಟರೆ, ನಡುವಿನ ಫ್ರೇಮ್‌ಗಳನ್ನು ಸಾಫ್ಟ್‌ವೇರ್ ತುಂಬುತ್ತದೆ.

ಆದರೆ ಎಲ್ಲ ಫ್ರೇಮ್‌ಗಳ ನಡುವೆ ಸಮಾನ ಅಂತರವಿದ್ದರೆ ಚೆಂಡು ಯಂತ್ರದಂತೆ ಜಾರುತ್ತದೆ. ನಿಜವಾದ ಚೆಂಡು ಬೀಳುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಮೇಲೆ ಚಿತ್ರಗಳು ಒತ್ತೊತ್ತಾಗಿ, ಕೆಳಗೆ ಬರುತ್ತಾ ದೂರ ದೂರ ಇರಬೇಕು. ಪ್ರತಿ ಪುಟಿತವೂ ಹಿಂದಿನದಕ್ಕಿಂತ ತಗ್ಗಾಗಿರಬೇಕು. ಇಷ್ಟು ಸರಿಯಾದರೆ ಬರೀ ಒಂದು ವೃತ್ತಕ್ಕೂ ತೂಕ ಬಂದಂತೆ ಅನಿಸುತ್ತದೆ.

ನೀವೂ ಮಾಡಿ ನೋಡಿ

ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದರಂತೆ 20 ಚೆಂಡು ಬಿಡಿಸಿ, ಹೆಬ್ಬೆರಳಿನಿಂದ ಸರಸರನೆ ಹಾಳೆ ಬಿಡಿ. ಕಂಪ್ಯೂಟರ್ ಇದ್ದರೆ ಪೆನ್ಸಿಲ್2ಡಿ, ಬ್ಲೆಂಡರ್ ಎರಡೂ ಉಚಿತ. 2025ರಲ್ಲಿ ಆಸ್ಕರ್ ಗೆದ್ದ ‘ಫ್ಲೋ’ ಚಿತ್ರ ತಯಾರಾದದ್ದು ಬ್ಲೆಂಡರ್‌ನಲ್ಲೇ.

ಫಾರ್ವರ್ಡ್ ಮಾಡುವ ಮುನ್ನ

ಬೀಳುವ ವೇಗ, ಹೊಗೆ, ನೆರಳು ಎಲ್ಲವನ್ನೂ ಲೆಕ್ಕ ಹಾಕಿ ಕೂರಿಸಬಹುದು. ಆದ್ದರಿಂದ ‘ಎಷ್ಟು ಸಹಜವಾಗಿದೆ ನೋಡಿ’ ಎಂಬುದು ವಿಡಿಯೋ ಅಸಲಿ ಎಂಬುದಕ್ಕೆ ಸಾಕ್ಷಿಯಲ್ಲ. ಯಾರು, ಎಲ್ಲಿ, ಯಾವಾಗ ಚಿತ್ರೀಕರಿಸಿದ್ದು ಎಂದು ಕೇಳಿ. ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಉತ್ತರ ಸಿಗದಿದ್ದರೆ ಆ ವಿಡಿಯೋ ನಿಮ್ಮ ಫೋನಿನಲ್ಲೇ ನಿಲ್ಲಲಿ.