ಕಲ್ಲು ಯಾರದು, ಲಾಭ ಯಾರದು?

ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 1,600 ಟನ್ನುಗಳಷ್ಟು ಲಿಥಿಯಂ ಇರಬಹುದೆಂದು ಸರಕಾರದವರು 2021ರಲ್ಲಿ ಪ್ರಕಟಿಸಿದರು. ಇದು ಪ್ರಾಥಮಿಕ ಅಂದಾಜು, ಪ್ರಮಾಣವೂ ಅಲ್ಪವೇ. ಗಣಿಯ ಕನಸು ಕಾಣುವುದಕ್ಕೆ ಮೊದಲು ಆಸ್ಟ್ರೇಲಿಯಾ ದೇಶದ ಅನುಭವವನ್ನು ಪರ್ಯಾಲೋಚಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಅಲ್ಲಿಯ ಗ್ರೀನ್‌ಬುಷಸ್ ಗಣಿಯಲ್ಲಿ ಸ್ಪೋಡುಮಿನ್ ಎಂಬ ಕಲ್ಲನ್ನು ಅಗೆದು, ಪುಡಿಮಾಡಿ, ಭಾರವಾದ ದ್ರವದಲ್ಲಿ ಹಗುರವಾದ ಬೆಣಚನ್ನು ತೇಲಿಸಿ ತೆಗೆದು, ನುಣ್ಣನೆಯ ಹುಡಿಯನ್ನು ನೊರೆಗೆ ಹತ್ತಿಸಿ ಬೇರ್ಪಡಿಸುವರು. ಹೀಗೆ ದೊರೆಯುವ ಸಾರದಲ್ಲಿ ನೂರಕ್ಕೆ ಸುಮಾರು 6 ಪಾಲು ಮಾತ್ರ ಲಿಥಿಯಂ ಆಕ್ಸೈಡು. ಅದನ್ನು ಸುಮಾರು 1,050 ಡಿಗ್ರಿ ಉಷ್ಣದಲ್ಲಿ ಕಾಯಿಸಿ, ಗಂಧಕಾಮ್ಲದೊಡನೆ ಹುರಿದು, ನೀರಿನಲ್ಲಿ ಕರಗಿಸಿ ಶುದ್ಧಿಗೊಳಿಸಿದಲ್ಲದೆ ಬ್ಯಾಟರಿಗೆ ಯೋಗ್ಯವಾದ ಲವಣವು ದೊರೆಯದು. ಈ ಎರಡನೆಯ ಕಾರ್ಯವು ಬಹುಮಟ್ಟಿಗೆ ಚೀನದಲ್ಲಿ ನಡೆಯುತ್ತಿದೆ. ಅಂದರೆ ಮಿಕ್ಕ 94 ಪಾಲಿಗೂ ಹಡಗಿನ ಬಾಡಿಗೆ ತೆತ್ತು ಕಲ್ಲುಹುಡಿಯನ್ನು ಸಾಗಿಸುವುದು ಒಬ್ಬರ ಪಾಲು. ಲವಣವನ್ನು ಮಾರುವುದು ಇನ್ನೊಬ್ಬರ ಪಾಲು. ಬತ್ತವನ್ನು ಮಾರಿ ಅಕ್ಕಿಯನ್ನು ಕೊಳ್ಳುವ ರೈತನ ಸ್ಥಿತಿಯೂ ಇದೇ ಅಲ್ಲವೆ?

ಕ್ವಿನಾನದಲ್ಲಿ ಚೀನೀ ಬಂಡವಾಳವೂ ಸೇರಿ ಸ್ಥಾಪಿತವಾದ ಶುದ್ಧೀಕರಣ ಕಾರ್ಖಾನೆಯು 2022ರಲ್ಲಿ ಬ್ಯಾಟರಿ ದರ್ಜೆಯ ಸರಕನ್ನು ತಯಾರಿಸಿತಾದರೂ, ಅದರ ಎರಡನೆಯ ಘಟಕದ ಕೆಲಸವನ್ನು 2025ರಲ್ಲಿ ಕೈಬಿಡಬೇಕಾಯಿತು. ಗಣಿಯಿದ್ದ ಮಾತ್ರಕ್ಕೆ ವಿದ್ಯೆಯು ಕೈವಶವಾಗದು.

2023ರ ಗಣಿ ಕಾಯಿದೆಯ ತಿದ್ದುಪಡಿಯಿಂದ ನಮ್ಮಲ್ಲಿ ಲಿಥಿಯಂ ಗಣಿಗಾರಿಕೆಯು ಖಾಸಗಿಯವರಿಗೂ ತೆರೆದಿದೆ. ಹರಾಜಿನ ಹಣವನ್ನು ಎಣಿಸುವುದರಲ್ಲಿಯೇ ಸರಕಾರದವರು ತೃಪ್ತರಾಗಬಾರದು. ಕಲ್ಲು ಸ್ವಲ್ಪವೇ ಇರಲಿ, ಪರದೇಶದಿಂದಲೇ ಬರಲಿ, ಅದನ್ನು ಲವಣವಾಗಿಸುವ ಕಾರ್ಖಾನೆಯೂ ಅದನ್ನು ನಡೆಸಬಲ್ಲ ರಸಾಯನಜ್ಞರೂ ಮೊದಲು ಇಲ್ಲಿ ಸಿದ್ಧವಾಗತಕ್ಕದ್ದು.